ಹ್ಯಾಂಡಲ್ ನಡುಗಿದಾಗ

ನೇರ ರಸ್ತೆ. ಬೈಕು ಜೋರಾಗಿ ಓಡುತ್ತಿದೆ. ಇದ್ದಕ್ಕಿದ್ದಂತೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಗಡಗಡ ನಡುಗತೊಡಗುತ್ತದೆ. ಬಿದ್ದರೆ ಮರುದಿನ ದೂರು ರಸ್ತೆಯ ಮೇಲೆ, ಇಲ್ಲವೇ ಸವಾರನ ಮೇಲೆ. ತಪ್ಪು ಬೈಕಿನ ಚೌಕಟ್ಟಿನಲ್ಲೂ ಇರಬಹುದೆಂದು ಮನಗಾಣಿಸಿದ್ದು ರೇಸುಗಳು.

ಬ್ರಿಟನ್ನಿನ ನಾರ್ಟನ್ ಕಂಪೆನಿಯ ಹಳೆಯ ರೇಸ್ ಬೈಕಿನ ಚೌಕಟ್ಟಿಗೆ ‘ತೋಟದ ಗೇಟು’ ಎಂಬ ಅಡ್ಡಹೆಸರಿತ್ತು. ಅದು ಮುರಿಯುವುದೂ ಉಂಟಿತ್ತು. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಜೋಡಿ ಕೊಳವೆಗಳನ್ನು ಬಾಗಿಸಿ, ಬೆಸೆದು, ಜಗ್ಗದ ಹೊಸ ಚೌಕಟ್ಟು ರೂಪಿಸಿದರು. ಅದರ ಮೇಲೆ ಕುಳಿತ ಸವಾರ ಹೆರಾಲ್ಡ್ ಡೇನಿಯಲ್‌ಗೆ ಗರಿಹಾಸಿಗೆಯ ಸುಖವೆನಿಸಿತು. ‘ಫೆದರ್‌ಬೆಡ್’ ಎಂಬ ಹೆಸರೇ ನಿಂತಿತು. 1950ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್, ಜೂನಿಯರ್ ಎರಡೂ ಟಿ.ಟಿ. ಸ್ಪರ್ಧೆಗಳಲ್ಲಿ ಮೊದಲ ಮೂರು ಸ್ಥಾನ ನಾರ್ಟನ್‌ಗೇ ಸಂದವು.

ನಡುಕದ ಲೆಕ್ಕ ಬಿಡಿಸಿದ್ದು ಆಮೇಲೆ. ಮುಂಭಾಗವಷ್ಟೇ ಬಿರುಸಾಗಿ ನಡುಗುವ ‘ವಾಬಲ್’ ಬೇರೆ, ಇಡೀ ಬೈಕು ಹಾವಿನಂತೆ ಹೊಯ್ದಾಡುವ ‘ವೀವ್’ ಬೇರೆ ಎಂದು ಇಂಗ್ಲೆಂಡಿನ ರಾಬಿನ್ ಶಾರ್ಪ್ 1971ರಲ್ಲಿ ಗಣಿತದಿಂದಲೇ ತೋರಿಸಿದರು.

ಚೌಕಟ್ಟು ಎಷ್ಟೇ ಗಟ್ಟಿಯಿರಲಿ, ಸಡಿಲವಾದ ಒಂದು ಕೋನ್‌ಸೆಟ್ ಅದನ್ನೆಲ್ಲ ವ್ಯರ್ಥ ಮಾಡಬಲ್ಲದು. ಬೈಕನ್ನು ಮಿರಿಮಿರಿ ಮಿಂಚುವಂತೆ ತೊಳೆಸುವ ನಾವು ಇದನ್ನು ಮಾತ್ರ ನೋಡುವುದಿಲ್ಲ! ನೋಡಲು ಮೆಕ್ಯಾನಿಕ್ಕೇ ಬೇಕೆಂದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದಕ್ಕೆ ಅದುಮಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಲಿ. ಇನ್ನೊಬ್ಬರು ಫೋರ್ಕಿನ ಕೆಳತುದಿ ಹಿಡಿದು ಹಿಂದೆಮುಂದೆ ಅಲ್ಲಾಡಿಸಲಿ. ‘ಟಕ್ ಟಕ್’ ಎಂದು ಆಡಿದರೆ ಕೋನ್‌ಸೆಟ್ ಬಿಗಿ ಮಾಡಿಸಬೇಕು, ಸವೆದಿದ್ದರೆ ಬದಲಿಸಬೇಕು. ಹಿಂದಿನ ಚಕ್ರ ಪಕ್ಕಕ್ಕೆ ಆಡಿದರೆ ಸ್ವಿಂಗ್ ಆರ್ಮಿನ ಬುಷ್ ಇಲ್ಲವೇ ಚಕ್ರದ ಬೇರಿಂಗ್ ಸವೆದಿರುತ್ತದೆ. ಟೈರಿನ ಗಾಳಿಯನ್ನೂ ಅಂದೇ ನೋಡಿಸಿಬಿಡಿ.