ಕಲ್ನಾರು ಶೀಟು: ಹಳೆಯ ಮನೆಗಳಲ್ಲಿನ ಆರೋಗ್ಯ ಅಪಾಯ

ಕಲ್ನಾರು ಶೀಟು ಎಂಬುದು ಆಸ್ಬೆಸ್ಟಾಸ್ ಎಳೆಗಳನ್ನು ಸಿಮೆಂಟಿನೊಂದಿಗೆ ಬೆರೆಸಿ ತಯಾರಿಸಿದ ಚಾವಣಿ ಹಾಳೆ. ಆಡುಮಾತಿನಲ್ಲಿ ಇದು ಸಿಮೆಂಟ್ ಶೀಟು ಅಥವಾ ಎ.ಸಿ. ಶೀಟು. ಬೆಂಕಿ, ತುಕ್ಕು, ಗೆದ್ದಲುಗಳಿಗೆ ಜಗ್ಗದ, ಬೆಲೆಯಲ್ಲೂ ಅಗ್ಗವಾದ ಈ ಹಾಳೆ ಮನೆ, ಕೊಟ್ಟಿಗೆ, ಗೋದಾಮುಗಳ ಮೇಲೆ ವ್ಯಾಪಕವಾಗಿ ಬಳಕೆಗೆ ಬಂತು. ಇದರಿಂದ ಹೊರಬೀಳುವ ಎಳೆಗಳು ಕ್ಯಾನ್ಸರ್‌ಕಾರಕ.

ರಚನೆ: ಕಲ್ನಾರು ಎಂಬುದು ನಾರಿನ ರೂಪದ ಆರು ಸಿಲಿಕೇಟ್ ಖನಿಜಗಳ ಒಟ್ಟು ಹೆಸರು. ಶೀಟುಗಳಲ್ಲಿ ಹೆಚ್ಚಾಗಿ ಬಳಸುವುದು ಕ್ರೈಸೊಟೈಲ್ ಎಂಬ ಬಿಳಿ ಕಲ್ನಾರನ್ನು. ಇದಲ್ಲದೆ ನೀಲಿ, ಕಂದು ಬಗೆಗಳೂ ಬಳಕೆಯಲ್ಲಿದ್ದವು. ಕಲ್ನಾರು ಸಿಮೆಂಟನ್ನು ತಯಾರಿಸುವ ವಿಧಾನಕ್ಕೆ ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ 1901ರಲ್ಲಿ ಪೇಟೆಂಟ್ ಪಡೆದ.

ರೋಗಗಳು: ಕಲ್ನಾರಿನ ಎಳೆ ಸೀಳಿದಷ್ಟೂ ಸೂಕ್ಷ್ಮವಾಗುತ್ತ ಹೋಗುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಉಸಿರಿನೊಂದಿಗೆ ಒಳಹೊಕ್ಕ ಎಳೆಗಳಲ್ಲಿ ಹಲವು ಶ್ವಾಸಕೋಶದಲ್ಲೇ ವರ್ಷಗಟ್ಟಲೆ ಉಳಿಯುತ್ತವೆ. ಅವುಗಳಿಂದ ಶ್ವಾಸಕೋಶ ಗಡುಸಾಗಿ ಉಸಿರಾಟ ಕಷ್ಟವಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶ, ಗಂಟಲಗೂಡು ಮತ್ತು ಅಂಡಾಶಯದ ಕ್ಯಾನ್ಸರ್, ಶ್ವಾಸಕೋಶವನ್ನು ಹೊದ್ದ ಪೊರೆಗೆ ತಗಲುವ ಮೀಸೋಥೀಲಿಯೋಮಾ ಎಂಬ ಮಾರಕ ಕ್ಯಾನ್ಸರ್ ಬರಬಹುದು. ಕ್ಯಾನ್ಸರ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 40 ವರ್ಷ ಹಿಡಿಯುವುದರಿಂದ, ರೋಗಿಗೆ ಎಂದೋ ಕುಡಿದ ಧೂಳಿನ ನೆನಪೇ ಇರುವುದಿಲ್ಲ. ಕಲ್ನಾರಿನ ಧೂಳಿಗೆ ಒಡ್ಡಿಕೊಂಡವರು ಧೂಮಪಾನಿಗಳೂ ಆಗಿದ್ದರೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ.

ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರು ಗಣಿ ಪ್ರದೇಶದ ಮೀಸೋಥೀಲಿಯೋಮಾ ರೋಗಿಗಳ ಬಗ್ಗೆ ಜೆ. ಸಿ. ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ವರದಿ ಮಾಡಿದರು. 1965ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದು ಕಲ್ನಾರು ಕಾರ್ಖಾನೆಯ ಕಾರ್ಮಿಕರ ಮನೆಯವರಲ್ಲೂ ಈ ರೋಗವನ್ನು ಗುರುತಿಸಿತು. ಅವರಲ್ಲಿ ಕಾರ್ಮಿಕರ ಧೂಳುಬಟ್ಟೆ ಒಗೆಯುತ್ತಿದ್ದ ಹೆಂಗಸರಿದ್ದರು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಮನೆಯಲ್ಲಿ ಅಪಾಯ: ಗಟ್ಟಿಯಾಗಿರುವ, ಬಿರುಕು ಬಿಡದ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಬಿಗಿಯಾಗಿ ಕೂತಿರುತ್ತವೆ. ಬೋಲ್ಟ್ ಕೂರಿಸಲು ತೂತು ಕೊರೆದಾಗ, ಅಳತೆಗೆ ಗರಗಸ ಹಿಡಿದಾಗ, ಹಳೆಯ ಮಾಡನ್ನು ಸುತ್ತಿಗೆಯಿಂದ ಒಡೆದು ಕೆಡವಿದಾಗ ಅವು ಗಾಳಿಗೆ ಬರುತ್ತವೆ. ಬಿಸಿಲು ಮಳೆಗೆ ದಶಕಗಳ ಕಾಲ ಸವೆದ ಶೀಟಿನ ಮೇಲ್ಪದರವೂ ಉದುರತೊಡಗುತ್ತದೆ. ಪಾಚಿ ತೆಗೆಯಲೆಂದು ಇಂಥ ಶೀಟನ್ನು ತಂತಿಬ್ರಷ್‌ನಿಂದ ಉಜ್ಜುವುದು, ಒಡೆದ ಚೂರುಗಳನ್ನು ಅಂಗಳದ ಗುಂಡಿಗೆ ತುಂಬುವುದು ಅಪಾಯಕರ.

ಕಾನೂನು: ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಗೆ, ಐರೋಪ್ಯ ಒಕ್ಕೂಟ 2005ರಲ್ಲಿ ಕಲ್ನಾರಿನ ಬಳಕೆಯನ್ನು ನಿಷೇಧಿಸಿದವು. ಭಾರತ ಸರ್ಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆಗಳನ್ನು ನಿಲ್ಲಿಸಿತಾದರೂ ಬಿಳಿ ಕಲ್ನಾರಿನ ಆಮದು ಮತ್ತು ಶೀಟು ತಯಾರಿಕೆ ನಿಲ್ಲಲಿಲ್ಲ. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು 40 ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತು. ಆದರೆ ಮನೆಮನೆಗೆ ಹೋಗಿ ಶೀಟು ಬಿಚ್ಚುವ ದಿನಗೂಲಿಯವರ ಕೆಲಸಕ್ಕೆ ಸಾಮಾನ್ಯವಾಗಿ ದಾಖಲೆಯೇ ಇರುವುದಿಲ್ಲ.

ಮುನ್ನೆಚ್ಚರಿಕೆ: ಸುಸ್ಥಿತಿಯಲ್ಲಿರುವ ಶೀಟನ್ನು ಕೆದಕದೆ ಬಿಡುವುದೇ ಲೇಸು. ತೆಗೆಯಲೇಬೇಕಾದರೆ ತರಬೇತಿ ಪಡೆದವರಿಂದ ತೆಗೆಸಬೇಕು. ಮೊದಲು ಶೀಟಿಗೆ ನೀರು ಸಿಂಪಡಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಕೆಳಗಿಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು. ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಶೀಟಿನೊಂದಿಗೇ ಕಟ್ಟಿಡಬೇಕು. ಬಟ್ಟೆಯ ಮಾಸ್ಕ್ ಈ ಎಳೆಗಳನ್ನು ತಡೆಯಲಾರದು. ಮಕ್ಕಳನ್ನು ಹತ್ತಿರ ಬಿಡಬಾರದು. ಹೊಸ ಮಾಡಿಗೆ ಮಣ್ಣಿನ ಹಂಚು, ಲೋಹದ ತಗಡು, ಕಲ್ನಾರುರಹಿತ ಸಿಮೆಂಟ್ ಹಾಳೆಗಳು ದೊರೆಯುತ್ತವೆ. ಕಲ್ನಾರಿಗೆ ಸುರಕ್ಷಿತ ಮಿತಿ ಎಂಬುದು ಇದುವರೆಗೆ ಸಿದ್ಧಪಟ್ಟಿಲ್ಲ. ಆದ್ದರಿಂದ ಧೂಳು ಏಳದಂತೆ ನೋಡಿಕೊಳ್ಳುವುದು ಮನೆಯ ಯಜಮಾನರ ಹೊಣೆ.