ಬಾಂಗ್ಲಾದೇಶ ಅಗ್ನಿ ಮತ್ತು ಕಟ್ಟಡ ಸುರಕ್ಷತಾ ಒಪ್ಪಂದ

ಬಾಂಗ್ಲಾದೇಶ ಅಗ್ನಿ ಮತ್ತು ಕಟ್ಟಡ ಸುರಕ್ಷತಾ ಒಪ್ಪಂದವು (ಅಕಾರ್ಡ್) ಜಾಗತಿಕ ಉಡುಪು ಕಂಪನಿಗಳು ಮತ್ತು ಕಾರ್ಮಿಕ ಒಕ್ಕೂಟಗಳ ನಡುವೆ 2013ರ ಮೇ ತಿಂಗಳಲ್ಲಿ ಏರ್ಪಟ್ಟ, ಕಾನೂನುಬದ್ಧವಾಗಿ ಪಾಲಿಸಲೇಬೇಕಾದ ಒಪ್ಪಂದ. ಎಚ್&ಎಂ, ಇಂಡಿಟೆಕ್ಸ್, ಪ್ರೈಮಾರ್ಕ್ ಸೇರಿದಂತೆ 200ಕ್ಕೂ ಹೆಚ್ಚು ಕಂಪನಿಗಳು ಇದಕ್ಕೆ ಸಹಿ ಹಾಕಿದವು.

ಹಿನ್ನೆಲೆ

2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮೃತಪಟ್ಟರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡು, ಕೆಳ ಅಂತಸ್ತಿನ ಬ್ಯಾಂಕ್ ಮತ್ತು ಅಂಗಡಿಗಳು ಮುಚ್ಚಿದ್ದವು. ಉಡುಪು ಕಾರ್ಖಾನೆಗಳು ಮಾತ್ರ ಕಾರ್ಮಿಕರನ್ನು ಮರಳಿ ಕೆಲಸಕ್ಕೆ ಕರೆಸಿಕೊಂಡವು. ಅಲ್ಲಿಯವರೆಗೆ ಖರೀದಿದಾರ ಕಂಪನಿಗಳು ತಮ್ಮದೇ ನೀತಿಸಂಹಿತೆ ಮತ್ತು ಖಾಸಗಿ ತಪಾಸಣೆಗಳನ್ನು ನೆಚ್ಚಿಕೊಂಡಿದ್ದವು. ಈ ಕಟ್ಟಡದ ಕೆಲವು ಕಾರ್ಖಾನೆಗಳಲ್ಲೂ ಅಂತಹ ತಪಾಸಣೆ ನಡೆದಿತ್ತು. ಆದರೆ ಕಟ್ಟಡದ ದೃಢತೆಯ ಪರೀಕ್ಷೆ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ.

ಕಾರ್ಯವಿಧಾನ

ಸ್ವತಂತ್ರ ಇಂಜಿನಿಯರ್‌ಗಳು 1,600ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಪರಿಶೀಲಿಸಿ ವರದಿಗಳನ್ನು ಬಹಿರಂಗಪಡಿಸಿದರು. ದೋಷ ಸರಿಪಡಿಸದ ಪೂರೈಕೆದಾರನಿಗೆ ಮೊದಲು ಸೂಚನೆ, ಬಳಿಕ ಎಚ್ಚರಿಕೆ. ಆಗಲೂ ಮಣಿಯದಿದ್ದರೆ ಅವನನ್ನು ಅನರ್ಹನೆಂದು ಘೋಷಿಸಲಾಗುತ್ತಿತ್ತು. ಆಗ ಸಹಿದಾರ ಕಂಪನಿಗಳೆಲ್ಲವೂ ಅವನೊಂದಿಗೆ ವ್ಯವಹಾರ ನಿಲ್ಲಿಸಬೇಕಿತ್ತು. ಒಂದು ಕಂಪನಿ ಕೈಬಿಟ್ಟರೆ ಮತ್ತೊಂದರ ಬೇಡಿಕೆ ಹಿಡಿಯುವ ಹಳೆಯ ದಾರಿ ಇದರಿಂದ ಬಹುಮಟ್ಟಿಗೆ ಮುಚ್ಚಿತು. ಅಪಾಯವೆನಿಸಿದ ಕಟ್ಟಡಕ್ಕೆ ಕಾಲಿಡಲು ನಿರಾಕರಿಸುವ ಹಕ್ಕು ಕಾರ್ಮಿಕರಿಗೆ ದೊರೆಯಿತು.

ಹೊಣೆ ಪೂರೈಕೆದಾರನದಷ್ಟೇ ಆಗಿರಲಿಲ್ಲ. ದುರಸ್ತಿಯ ವೆಚ್ಚ ಭರಿಸಲು ಕಾರ್ಖಾನೆಗೆ ಸಾಧ್ಯವಾಗುವಂತಹ ವ್ಯಾಪಾರ ಷರತ್ತುಗಳನ್ನು ಒದಗಿಸುವುದು ಖರೀದಿದಾರನ ಕರ್ತವ್ಯವಾಗಿತ್ತು. ಈ ಕರ್ತವ್ಯ ಪಾಲಿಸಲಿಲ್ಲವೆಂದು ಒಕ್ಕೂಟಗಳು 2016ರಲ್ಲಿ ಎರಡು ಬ್ರ್ಯಾಂಡ್‌ಗಳ ವಿರುದ್ಧ ಹೇಗ್‌ನ ಶಾಶ್ವತ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ದೂರು ಹೂಡಿದವು. ಎರಡೂ ರಾಜಿಯಲ್ಲಿ ಮುಗಿದವು. ಒಂದರಲ್ಲಿ ಬ್ರ್ಯಾಂಡ್ 23 ಲಕ್ಷ ಡಾಲರ್ ನೀಡಲು ಒಪ್ಪಿತು. ಕಾರ್ಖಾನೆಗಳ ವರದಿಗಳು ಹೆಸರುಸಹಿತ ಪ್ರಕಟವಾದರೂ ಈ ಬ್ರ್ಯಾಂಡ್‌ಗಳ ಹೆಸರುಗಳು ಗೋಪ್ಯವಾಗಿಯೇ ಉಳಿದವು.

ವಿರೋಧ ಮತ್ತು ಮುಂದುವರಿಕೆ

ಸಹಿ ಹಾಕಲೊಪ್ಪದ ವಾಲ್‌ಮಾರ್ಟ್, ಗ್ಯಾಪ್ ಮೊದಲಾದ ಉತ್ತರ ಅಮೆರಿಕದ ಕಂಪನಿಗಳು 2013ರಲ್ಲೇ 'ಅಲಯನ್ಸ್' ಎಂಬ ಪ್ರತ್ಯೇಕ ಕೂಟ ರಚಿಸಿಕೊಂಡವು. ಬಾಂಗ್ಲಾದೇಶದೊಳಗೆ, ಅನರ್ಹಗೊಂಡ ಕಾರ್ಖಾನೆಯೊಂದು ಉಚ್ಚ ನ್ಯಾಯಾಲಯದ ಮೊರೆಹೋದದ್ದರಿಂದ ಅಕಾರ್ಡ್‌ನ ಸ್ಥಳೀಯ ಕಚೇರಿಗೇ ಕುತ್ತು ಬಂದಿತು. 2020ರಲ್ಲಿ ತಪಾಸಣೆಯ ಹೊಣೆಯನ್ನು ಆರ್‌ಎಂಜಿ ಸುಸ್ಥಿರತಾ ಮಂಡಳಿಗೆ ವರ್ಗಾಯಿಸಲಾಯಿತು. ಅದರಲ್ಲಿ ಬ್ರ್ಯಾಂಡ್‌ಗಳು ಮತ್ತು ಒಕ್ಕೂಟಗಳೊಂದಿಗೆ ಕಾರ್ಖಾನೆ ಮಾಲೀಕರಿಗೂ ಸಮಾನ ಸ್ಥಾನವಿದೆ. 2021ರಲ್ಲಿ ಒಪ್ಪಂದವು ಅಂತರರಾಷ್ಟ್ರೀಯ ಸ್ವರೂಪ ಪಡೆದು, 2023ರಲ್ಲಿ ಪಾಕಿಸ್ತಾನಕ್ಕೂ ವಿಸ್ತರಿಸಿತು.