ಹಳೇ ಕೇಸು, ಸೇನಾ ಭರ್ತಿ: ತೀರ್ಪಿಗಿಂತ ಮೊದಲೇ ಮುಗಿದುಹೋಗುವ ವಯಸ್ಸು

2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆ ಘೋಷಿಸಿತು. ಬಿಹಾರ, ಉತ್ತರ ಪ್ರದೇಶ, ತೆಲಂಗಾಣಗಳಲ್ಲಿ ರೈಲುಗಳಿಗೆ ಬೆಂಕಿ ಬಿತ್ತು. ಐದೇ ದಿನದಲ್ಲಿ ಲೆಫ್ಟಿನೆಂಟ್ ಜನರಲ್ ಅನಿಲ್ ಪುರಿ ಪತ್ರಿಕಾಗೋಷ್ಠಿಯಲ್ಲಿ ಷರತ್ತು ಹಾಕಿದರು. ಸೇರಲು ಬರುವ ಪ್ರತಿಯೊಬ್ಬರೂ ತಾವು ಆ ಪ್ರತಿಭಟನೆಯಲ್ಲಾಗಲಿ ಹಿಂಸೆಯಲ್ಲಾಗಲಿ ಇರಲಿಲ್ಲ ಅಂತ ಬರೆದುಕೊಡಬೇಕು. ಪೊಲೀಸ್ ಪರಿಶೀಲನೆ ಆಗದೆ ಯಾರಿಗೂ ಪ್ರವೇಶವಿಲ್ಲ. ಎಫ್‌ಐಆರ್ ಇದ್ದರೆ ಸೇರೋಕಾಗಲ್ಲ. ಶಿಕ್ಷೆಯಾದವರ ಬಗ್ಗೆ ಅಲ್ಲ, ಬರೀ ಎಫ್‌ಐಆರ್ ಇರುವವರ ಬಗ್ಗೆಯೇ ಅವರು ಹೇಳಿದ್ದು.

ಇದರ ಪರಿಣಾಮ ತಿಳಿಯೋಕೆ ಸಣ್ಣ ಲೆಕ್ಕ ಸಾಕು. ಯೋಜನೆ ಬಂದಾಗ ಅಗ್ನಿವೀರರ ವಯಸ್ಸು ಹದಿನೇಳೂವರೆಯಿಂದ 21 ಎಂದಿತ್ತು (ಗಲಾಟೆಯ ನಂತರ ಆ ಒಂದು ವರ್ಷಕ್ಕೆ 23 ಮಾಡಿದರು). ಅಂದರೆ ಒಬ್ಬ ಹುಡುಗನ ಕೈಲಿರುವುದು ಮೂರೂವರೆ ವರ್ಷ. ತಾಲ್ಲೂಕು ಕೋರ್ಟಿನಲ್ಲಿ ಹತ್ತು ಹದಿನೈದು ಆರೋಪಿಗಳಿರುವ ಗುಂಪು ಗಲಾಟೆಯ ಕೇಸು ಅಷ್ಟರೊಳಗೆ ಮುಗಿದರೆ ಅದೃಷ್ಟ. ಒಬ್ಬ ಬಂದರೆ ಇನ್ನೊಬ್ಬ ಬರಲ್ಲ, ಸಾಕ್ಷಿ ಬಂದ ದಿನ ವಕೀಲರಿರಲ್ಲ. ಕೊನೆಗೆ ಖುಲಾಸೆ ಆಗಬಹುದು. ಆದರೆ ಓಟಕ್ಕೆ ನಿಲ್ಲುವ ವಯಸ್ಸು ದಾಟಿರುತ್ತೆ. ಶಿಕ್ಷೆಯನ್ನೇ ವಿಧಿಸದ ಕೇಸೊಂದು ಬದುಕಿನ ದಾರಿ ಬದಲಿಸೋದು ಹೀಗೆ. ನನ್ನ ತಕರಾರು ಇರುವುದು ಇಲ್ಲಿಯೇ.

ಕಾನೂನು ಏನು ಹೇಳುತ್ತೆ? ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವ ತೀರ್ಪು 2016ರ ಅವತಾರ್ ಸಿಂಗ್ ಪ್ರಕರಣದ್ದು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದರಲ್ಲಿ ಕೊಟ್ಟ ಸೂತ್ರಗಳನ್ನು ಭರ್ತಿಗೆ ಹೊರಟವರೆಲ್ಲ ಓದಬೇಕು. ಕೇಸಿನ ಬಗ್ಗೆ ಅರ್ಜಿಯಲ್ಲಿ ಕೇಳಿದರೆ ಸತ್ಯವನ್ನೇ ಬರೆಯಬೇಕು. ಸಣ್ಣ ಕೇಸು ಬಾಕಿ ಇದೆ ಅಂತ ಪ್ರಾಮಾಣಿಕವಾಗಿ ಹೇಳಿಕೊಂಡರೆ, ಅದರ ತೀರ್ಪಿಗೆ ಒಳಪಟ್ಟು ನೇಮಕ ಮಾಡಿಕೊಳ್ಳಲು ಉದ್ಯೋಗದಾತರಿಗೆ ವಿವೇಚನೆ ಇದೆ. ಹಲವು ಕೇಸುಗಳನ್ನು ಬೇಕೆಂದೇ ಮುಚ್ಚಿಟ್ಟರೆ ಆ ಸುಳ್ಳೇ ದೊಡ್ಡ ಕಾರಣವಾಗುತ್ತೆ. ಅರ್ಜಿಯ ಪ್ರಶ್ನೆಯೂ ಸ್ಪಷ್ಟವಾಗಿರಬೇಕು. ಕೇಳದೇ ಇದ್ದದ್ದನ್ನು ಮುಚ್ಚಿಟ್ಟೆ ಅನ್ನೋ ಹಾಗಿಲ್ಲ. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ, ಮುಚ್ಚಿಟ್ಟಿದ್ದನ್ನೂ ಮನ್ನಿಸಬಹುದು ಅಂತ ಪೀಠ ಹೇಳಿದೆ. ಘೋಷಣೆ ಕೂಗುವುದನ್ನೇ ಉದಾಹರಣೆಯಾಗಿ ಕೊಟ್ಟಿದ್ದು ನನಗೆ ಮುಖ್ಯ ಅನಿಸುತ್ತೆ.

ಆದರೆ ಇಲ್ಲೆಲ್ಲ ಕ್ರಿಯಾಪದ 'ಬಹುದು'. ವಿವೇಚನೆ ಅಧಿಕಾರಿಯದ್ದು, ಹಕ್ಕು ನಿಮ್ಮದಲ್ಲ. ಇಂಥ ತೀರ್ಪುಗಳಲ್ಲಿ ಹೆಚ್ಚಿನವು ಪೊಲೀಸ್, ಸಿಆರ್‌ಪಿಎಫ್, ಸಿಐಎಸ್‌ಎಫ್ ನೇಮಕಾತಿಯವು ಅನ್ನೋದೂ ನೆನಪಿರಲಿ.

ಹಾಗಂತ ಮುಚ್ಚಿಡೋಣ ಅಂದುಕೊಳ್ಳಬೇಡಿ. 'ಯಾರು ನೋಡ್ತಾರೆ, ನೋ ಅಂತ ಬರಿ' ಅನ್ನುವ ಸಲಹೆಗಾರರು ಪ್ರತಿ ಊರಲ್ಲೂ ಇರ್ತಾರೆ. 1950ರ ಸೇನಾ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ಭರ್ತಿ ಸಮಯದಲ್ಲಿ ಬೇಕೆಂದೇ ಸುಳ್ಳು ಉತ್ತರ ಕೊಟ್ಟದ್ದು ಸೇರಿದ ಮೇಲೆ ಗೊತ್ತಾದರೆ ಕೋರ್ಟ್ ಮಾರ್ಷಲ್ ಆಗಬಹುದು, ಐದು ವರ್ಷದವರೆಗೆ ಜೈಲು. ಇಲ್ಲದ ಅಪರಾಧವನ್ನು ಹೊಸದಾಗಿ ಮಾಡಿಕೊಂಡ ಹಾಗೆ.

ಗೊತ್ತೇ ಇಲ್ಲದ ಕೇಸುಗಳದು ಇನ್ನೊಂದು ಕಥೆ. ಪ್ರತಿಭಟನೆಯ ಎಫ್‌ಐಆರ್‌ಗಳಲ್ಲಿ ಐದಾರು ಹೆಸರು ಬರೆದು 'ಮತ್ತು ಇತರರು' ಅಂತ ಸೇರಿಸೋದು ರೂಢಿ. ಆ 'ಇತರರು' ಯಾರು ಅನ್ನೋದು ಚಾರ್ಜ್‌ಶೀಟ್ ಹೊತ್ತಿಗೆ ಗೊತ್ತಾಗುತ್ತೆ. ಅಷ್ಟರಲ್ಲಿ ನೀವು ಓದೋಕೆ ಬೇರೆ ಊರಿಗೆ ಹೋಗಿರ್ತೀರಿ, ಸಮನ್ಸ್ ಹಳೇ ವಿಳಾಸಕ್ಕೆ ಹೋಗಿ ವಾಪಸ್ ಬರುತ್ತೆ, ಜಾಮೀನುರಹಿತ ವಾರಂಟ್ ಹೊರಡುತ್ತೆ. ಕೊನೆಗೆ ನಿಮ್ಮನ್ನು ಬೇರ್ಪಡಿಸಿ, ಕೇಸನ್ನು ಎಲ್‌ಪಿಸಿ, ಅಂದರೆ ದೀರ್ಘಕಾಲ ಬಾಕಿ ಇರುವ ಪ್ರಕರಣಗಳ ರಿಜಿಸ್ಟರಿಗೆ ಹಾಕ್ತಾರೆ. ಉಳಿದವರೆಲ್ಲ ಖುಲಾಸೆಯಾಗಿ ಹೋದರೂ ನಿಮ್ಮ ಕೇಸು ಅಲ್ಲೇ ಇರುತ್ತೆ. ಗೊತ್ತಿರದ ಕೇಸು ಕೂಡ ಪ್ರತಿಕೂಲ ಆಗಬಹುದು, ಅಪರಾಧದ ಗಂಭೀರತೆ ನೋಡಿ ತೀರ್ಮಾನಿಸಬೇಕು ಅನ್ನುತ್ತೆ ಅವತಾರ್ ಸಿಂಗ್ ತೀರ್ಪು. ಹಾಗಾಗಿ ಅರ್ಜಿ ಹಾಕುವ ಮೊದಲೇ ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು ಆರಿಸಿ ನಿಮ್ಮ ಹೆಸರು ಹುಡುಕಿ. ಕನ್ನಡ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೀತಾರೆ, ನಾಲ್ಕನ್ನೂ ಹಾಕಿ ನೋಡಿ. ಪೊಲೀಸರು 'ಬಿ' ರಿಪೋರ್ಟ್ ಹಾಕಿದ್ದಾರೆ ಅಂತ ಯಾರೋ ಹೇಳಿದರೆ ಸಾಲದು. ಮ್ಯಾಜಿಸ್ಟ್ರೇಟ್ ಅದನ್ನು ಒಪ್ಪಿದ ಆದೇಶದ ದೃಢೀಕೃತ ನಕಲು ಕೈಲಿರಬೇಕು.

ಕೇಸು ಮುಗಿಸೋ ದಾರಿಗಳಲ್ಲಿ ಒಂದು ಹಳ್ಳವಿದೆ. 'ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟಿಬಿಡು, ಇವತ್ತೇ ಮುಗಿಯುತ್ತೆ' ಅಂತಾರೆ. ಮುಗಿಯುತ್ತೆ ನಿಜ, ಶಿಕ್ಷೆಯಾಗಿ ಮುಗಿಯುತ್ತೆ. ರಾಜಿ ಬೇರೆ. ಹೊಡೆದಾಟ, ಅಡ್ಡಗಟ್ಟಿದ್ದು, ಬೈದದ್ದು, ಅಂದರೆ ಐಪಿಸಿಯ 323, 341, 504, ದೂರುದಾರರ ಒಪ್ಪಿಗೆಯಿಂದ ರಾಜಿಯಾದರೆ ಕಾನೂನಿನ ಕಣ್ಣಲ್ಲಿ ಅದು ಖುಲಾಸೆ. ಆದರೆ ಅದೇ ಎಫ್‌ಐಆರ್‌ನಲ್ಲಿ 143, 147 ಸೇರಿದ್ದರೆ, ಅಕ್ರಮ ಕೂಟ ಮತ್ತು ದೊಂಬಿಯ ಆ ಸೆಕ್ಷನ್‌ಗಳು ಹಳೇ ಸಿಆರ್‌ಪಿಸಿಯ ರಾಜಿ ಪಟ್ಟಿಯಲ್ಲಿಲ್ಲ. ಆಗ ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿಸಬೇಕು. ಸಿಆರ್‌ಪಿಸಿ 482 ಇದ್ದದ್ದು 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 528 ಆಗಿದೆ. ಧಾರವಾಡ, ಕಲಬುರಗಿಯಲ್ಲೂ ಹೈಕೋರ್ಟ್ ಪೀಠಗಳಿವೆ, ಆದರೆ ಫೀಸು ಇದ್ದೇ ಇದೆ. ಭರ್ತಿಗೆ ಓಡುವ ಹುಡುಗರ ಮನೆಗಳಲ್ಲಿ ಅದು ಸಣ್ಣ ಮೊತ್ತವಲ್ಲ.

ಖುಲಾಸೆಯಲ್ಲೂ ದರ್ಜೆಗಳಿವೆ. 2021ರ ಮೇಥು ಮೇಡಾ ಪ್ರಕರಣ ನೋಡಿ. ಆರೋಪ ಅಪಹರಣದಷ್ಟು ಗಂಭೀರವಾಗಿತ್ತು, ಸಾಕ್ಷಿಗಳು ಉಲ್ಟಾ ಹೊಡೆದು ಖುಲಾಸೆಯಾಗಿತ್ತು. ಖುಲಾಸೆಯಾದ ಮಾತ್ರಕ್ಕೆ ಸಿಐಎಸ್‌ಎಫ್ ನೌಕರಿ ಹಕ್ಕಾಗಲ್ಲ ಅಂದಿತು ಸುಪ್ರೀಂ ಕೋರ್ಟ್. ಆರೋಪವೇ ಸುಳ್ಳು ಅಂತ ತೀರ್ಪಿನಲ್ಲಿ ಬಂದಿದ್ದರೆ ನಿಮ್ಮ ಕೈ ಬಲವಾಗುತ್ತೆ.

ಸರ್ಕಾರವೇ ಕೇಸು ವಾಪಸ್ ಪಡೆಯುತ್ತೆ ಅಂತ ಕಾಯುವವರಿದ್ದಾರೆ. ರೈತರ, ವಿದ್ಯಾರ್ಥಿಗಳ, ಕನ್ನಡ ಹೋರಾಟಗಾರರ ಮೇಲಿನ ಕೇಸು ಹಿಂಪಡೆಯುತ್ತೇವೆ ಅಂತ ಎಲ್ಲ ಪಕ್ಷಗಳೂ ವೇದಿಕೆಯಲ್ಲಿ ಹೇಳ್ತಾವೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಹುಬ್ಬಳ್ಳಿ ಗಲಭೆಯೂ ಸೇರಿ 43 ಕೇಸು ಹಿಂಪಡೆಯಲು ಆದೇಶ ಮಾಡಿತು. 2025ರ ಮೇನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಅಭಿಯೋಜಕರು ಸ್ವತಂತ್ರವಾಗಿ ಯೋಚಿಸಿ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಸಂಪುಟದ ನಿರ್ಣಯವನ್ನು ನಂಬಿ ವಯಸ್ಸು ಕಳೆಯಬೇಡಿ.

ಕೃತ್ಯ ನಡೆದಾಗ ನಿಮಗೆ 18 ತುಂಬಿರಲಿಲ್ಲವಾ? ಹಾಗಾದರೆ ಪರಿಸ್ಥಿತಿ ಬಹಳ ಬೇರೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ತಪ್ಪು ಮಾಡಿದ್ದು ಸಾಬೀತಾದರೂ ಅದರಿಂದ ಬರುವ ಅನರ್ಹತೆ ಅಂಟಿಕೊಳ್ಳಲ್ಲ. ಹದಿನಾರು ದಾಟಿದವರನ್ನು ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆ ಮಾಡಿದ್ದರೆ ಮಾತ್ರ ಈ ರಕ್ಷಣೆ ಇಲ್ಲ. 2019ರಲ್ಲಿ ರಮೇಶ್ ಬಿಷ್ಣೋಯಿ ಅವರ ಸಿಐಎಸ್‌ಎಫ್ ಪ್ರಕರಣದಲ್ಲಿ, ಅಪ್ರಾಪ್ತರಾಗಿದ್ದಾಗಿನ ಕೇಸನ್ನು ಹಿಡಿದು ನೌಕರಿ ತಪ್ಪಿಸುವಂತಿಲ್ಲ ಎಂದೇ ಸುಪ್ರೀಂ ಕೋರ್ಟ್ ಹೇಳಿದೆ. ಪೊಲೀಸರು ಎಫ್‌ಐಆರ್‌ನಲ್ಲಿ 'ಸುಮಾರು 19 ವರ್ಷ' ಅಂತ ಅಂದಾಜಿಗೆ ಬರೆದಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೋರಿಸಿ ಈಗಲೇ ಸರಿ ಮಾಡಿಸಿ; ಭರ್ತಿ ಕಚೇರಿಯ ಮುಂದೆ ನಿಂತಾಗ ಅದನ್ನು ವಾದಿಸೋಕೆ ಸಮಯ ಸಿಗಲ್ಲ.